ಬಣ್ಣ ಕರಗಬೇಕು, ಉಗುರು ಉಳಿಯಬೇಕು: ನೇಲ್ ಪಾಲಿಷ್ ರಿಮೂವರ್‌ನ ಚರಿತ್ರೆ

ಉಗುರಿಗೆ ಬಣ್ಣ ಕೊಡುವ ಎರಡು ವಿಧಾನಗಳನ್ನು ನೀವು ಬಲ್ಲಿರಿ. ಒಂದು ಮದರಂಗಿ, ಇನ್ನೊಂದು ನೇಲ್ ಪಾಲಿಷ್. ಎರಡೂ ಉಗುರನ್ನು ಕೆಂಪಾಗಿಸುತ್ತವೆ. ಆದರೆ ರಸಾಯನ ವಿಜ್ಞಾನದ ದೃಷ್ಟಿಯಲ್ಲಿ ಇವುಗಳ ನಡುವೆ ಬಹಳ ಅಂತರವಿದೆ. ಮದರಂಗಿ ಸೊಪ್ಪಿನಲ್ಲಿರುವ ಲಾಸೋನ್ ಎಂಬ ವಸ್ತು ಉಗುರಿನ ಕೆರಾಟಿನ್ ಪ್ರೋಟೀನಿನೊಂದಿಗೆ ಬಂಧ ಏರ್ಪಡಿಸಿಕೊಳ್ಳುತ್ತದೆ. ಅದನ್ನು ತೊಳೆದು ತೆಗೆಯಲಾಗದು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ. ಬಣ್ಣದ ಭಾಗ ತುದಿಗೆ ಬಂದು, ಅದನ್ನು ಕತ್ತರಿಸಿದಾಗಲೇ ಮದರಂಗಿ ಹೋಗುವುದು. ನೇಲ್ ಪಾಲಿಷ್ ಹಾಗಲ್ಲ. ಅದು ಉಗುರಿನ ಮೇಲೆ ಕುಳಿತ ಒಂದು ತೆಳುವಾದ ಪ್ಲಾಸ್ಟಿಕ್ ಪದರ. ಸರಿಯಾದ ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಅದು ಕರಗಿ ಬಂದುಬಿಡುತ್ತದೆ. ಅಡಿಯಲ್ಲಿರುವ ಕೆರಾಟಿನ್ ಆ ದ್ರಾವಕದಲ್ಲಿ ಕರಗುವುದಿಲ್ಲ.

ಈಗ ಒಂದು ಪ್ರಶ್ನೆ. ಅಡಿಯಲ್ಲಿರುವ ಉಗುರೂ ಪ್ಲಾಸ್ಟಿಕ್ಕಿನದೇ ಆಗಿದ್ದರೆ?

ನಾಟಕ, ನೃತ್ಯ, ಮದುವೆಗಳಲ್ಲಿ ಕೃತಕ ಉಗುರು ಅಂಟಿಸಿಕೊಳ್ಳುವುದು ಇಂದು ಅಪರೂಪವಲ್ಲ. ಫ್ಯಾನ್ಸಿ ಅಂಗಡಿಗಳಲ್ಲಿ ಅವು ಪೆಟ್ಟಿಗೆಗಟ್ಟಲೆ ಸಿಗುತ್ತವೆ. ಅವುಗಳ ಮೇಲಿನ ಬಣ್ಣ ಬದಲಿಸಲು ಮನೆಯಲ್ಲಿರುವ ರಿಮೂವರ್ ಹಚ್ಚಿದವರಿಗೆ ಬಣ್ಣದ ಜೊತೆಗೆ ಉಗುರೂ ಅಂಟಂಟಾಗಿ, ಹೊಳಪು ಕಳೆದುಕೊಂಡು, ಮೆತ್ತಗಾದ ಅನುಭವ ಆಗಿರಬಹುದು. ಇದು ಬರಿಯ ಸೌಂದರ್ಯದ ಪ್ರಶ್ನೆ ಎನ್ನಬೇಡಿ. ಯಾವ ದ್ರಾವಕ ಯಾವ ವಸ್ತುವನ್ನು ಕರಗಿಸುತ್ತದೆ, ಯಾವುದನ್ನು ಬಿಡುತ್ತದೆ ಎಂಬ ವಿಷಯದ ಹಿಂದೆ ಸುಮಾರು 180 ವರ್ಷಗಳ ಚರಿತ್ರೆಯಿದೆ. ಅದರಲ್ಲಿ ಸಿಡಿಮದ್ದು ಇದೆ, ಮೋಟಾರು ಕಾರು ಇದೆ, ದಂತವೈದ್ಯರಿದ್ದಾರೆ. ಸೀಸೆಯ ಹೆಸರನ್ನು ತಪ್ಪಾಗಿ ತಿಳಿದುಕೊಂಡದ್ದರಿಂದ ಹೋದ ಒಂದು ಮಗುವಿನ ಪ್ರಾಣವೂ ಇದೆ.

ಸಿಡಿಹತ್ತಿಯಿಂದ ಉಗುರುಬಣ್ಣಕ್ಕೆ

ನೇಲ್ ಪಾಲಿಷ್‌ನಲ್ಲಿ ಪದರವನ್ನು ನಿರ್ಮಿಸುವ ಮುಖ್ಯ ವಸ್ತು ನೈಟ್ರೋಸೆಲ್ಯುಲೋಸ್. ಹತ್ತಿಯ ಸೆಲ್ಯುಲೋಸನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ನೆನೆಸಿದಾಗ ಇದು ದೊರೆಯುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಕ್ರಿಶ್ಚಿಯನ್ ಶೋನ್‌ಬೈನ್ 1846ರಲ್ಲಿ ಇದನ್ನು ಜಗತ್ತಿಗೆ ಪ್ರಕಟಿಸಿದಾಗ ಎಲ್ಲರ ಗಮನ ಸೆಳೆದದ್ದು ಅದರ ಸ್ಫೋಟಕ ಗುಣ. ನೋಡಲು ಸಾಮಾನ್ಯ ಹತ್ತಿಯಂತೆಯೇ ಇದ್ದು, ಕಿಡಿ ತಾಗಿದರೆ ಹೊಗೆಯಿಲ್ಲದೆ ಭಗ್ಗೆಂದು ಉರಿದುಹೋಗುವ ಈ ವಸ್ತುವಿಗೆ ಗನ್ ಕಾಟನ್, ಅಂದರೆ ಸಿಡಿಹತ್ತಿ ಎಂಬ ಹೆಸರು ಬಂತು.

ಸೆಲ್ಯುಲೋಸಿಗೆ ಎಷ್ಟು ನೈಟ್ರೇಟ್ ಗುಂಪುಗಳು ಸೇರಿವೆ ಎಂಬುದರ ಮೇಲೆ ಇದರ ಗುಣ ಬದಲಾಗುತ್ತದೆ. ಹೆಚ್ಚು ಸೇರಿದರೆ ಸ್ಫೋಟಕ. ಸ್ವಲ್ಪ ಕಡಿಮೆಯಾದರೆ ಈಥರ್ ಮತ್ತು ಆಲ್ಕೊಹಾಲ್ ಮಿಶ್ರಣದಲ್ಲಿ ಕರಗಿ ಜೇನಿನಂಥ ದ್ರವವಾಗುತ್ತದೆ. ಈ ದ್ರವವೇ ಕಲೋಡಿಯನ್. ಇದನ್ನು ಹರಡಿದರೆ ದ್ರಾವಕ ಆವಿಯಾಗಿ ಪಾರದರ್ಶಕ ಪೊರೆಯೊಂದು ಉಳಿಯುತ್ತದೆ. 1840ರ ದಶಕದ ಕೊನೆಯಲ್ಲಿ ವೈದ್ಯರು ಗಾಯಗಳನ್ನು ಮುಚ್ಚಲು ಇದನ್ನು ಬಳಸಿದರು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಇದನ್ನು ಬಳಿದು ಛಾಯಾಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದ. ದ್ರಾವಕದಲ್ಲಿ ಕರಗಿಸು, ಬಳಿ, ಆರಲು ಬಿಡು, ಪೊರೆ ಉಳಿಯುತ್ತದೆ: ನೇಲ್ ಪಾಲಿಷ್‌ನ ತತ್ತ್ವವೆಲ್ಲ ಆಗಲೇ ಸಿದ್ಧವಾಗಿತ್ತು.

ಆದರೆ ಅದು ಬೆರಳ ತುದಿಗೆ ಬರಲು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. 20ನೆಯ ಶತಮಾನದ ಆರಂಭದಲ್ಲಿ ಮೋಟಾರು ಕಾರುಗಳಿಗೆ ಬಳಿಯುತ್ತಿದ್ದ ಎಣ್ಣೆ ವಾರ್ನಿಷ್ ಆರುವುದಕ್ಕೆ ವಾರಗಳೇ ಹಿಡಿಯುತ್ತಿದ್ದವು. ಅಮೆರಿಕದ ಡ್ಯುಪಾಂಟ್ ಕಂಪನಿ 1920ರ ದಶಕದ ಆದಿಯಲ್ಲಿ, ಬೇಗ ಆರುವ, ಬಣ್ಣವನ್ನು ಹೆಚ್ಚಾಗಿ ತುಂಬಬಹುದಾದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ತಯಾರಿಸಿತು. ಡ್ಯೂಕೊ ಎಂಬ ಹೆಸರಿನ ಈ ಬಣ್ಣ 1923ರಲ್ಲಿ ಜನರಲ್ ಮೋಟಾರ್ಸ್‌ನ ಓಕ್‌ಲೆಂಡ್ ಕಾರುಗಳ ಮೇಲೆ ಕಾಣಿಸಿಕೊಂಡಿತು. ಉಗುರಿಗೆ ಹಚ್ಚುವ ದ್ರವರೂಪದ ಪಾಲಿಷ್‌ಗಳು ಅದಕ್ಕೂ ಮೊದಲೇ ಬಂದಿದ್ದವು. ಆದರೆ ಅವು ತೆಳು ಗುಲಾಬಿ ಛಾಯೆಯವು. 1932ರಲ್ಲಿ ಚಾರ್ಲ್ಸ್ ರೆವ್‌ಸನ್, ಅವರ ಸೋದರ ಜೋಸೆಫ್ ಮತ್ತು ಚಾರ್ಲ್ಸ್ ಲ್ಯಾಕ್‌ಮನ್ ನ್ಯೂಯಾರ್ಕಿನಲ್ಲಿ ರೆವ್‌ಲಾನ್ ಕಂಪನಿ ಆರಂಭಿಸಿದರು. ಅವರು ಕರಗುವ ಬಣ್ಣದ ಬದಲು ಕರಗದ ವರ್ಣಕಣಗಳನ್ನು ಬೆರೆಸಿ ಗಾಢವಾದ, ಉಗುರನ್ನು ಪೂರ್ತಿ ಮುಚ್ಚುವ ಪಾಲಿಷ್ ಮಾರಿದರು. ಕಾರಿನ ಬಣ್ಣವೂ ಉಗುರಿನ ಬಣ್ಣವೂ ಒಂದೇ ಕುಲದವು ಎಂದರೆ ಉತ್ಪ್ರೇಕ್ಷೆಯಲ್ಲ.

ಒಂದೇ ತೊಟ್ಟಿಯ ಎರಡು ದ್ರವಗಳು

ಈಗ ಪಾಲಿಷ್ ಸೀಸೆಯ ಪಕ್ಕದಲ್ಲಿರುವ ರಿಮೂವರ್ ಸೀಸೆಯನ್ನು ನೋಡೋಣ. ಬಹುಕಾಲದಿಂದ ಅದರಲ್ಲಿರುವ ಮುಖ್ಯ ದ್ರವ ಅಸಿಟೋನ್. ಮೂರು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕ ಪರಮಾಣುಗಳಿರುವ ಪುಟ್ಟ ಅಣು ಇದು. 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ನೀರಿನೊಂದಿಗೂ ಬೆರೆಯುತ್ತದೆ, ಅನೇಕ ಸಾವಯವ ವಸ್ತುಗಳನ್ನೂ ಕರಗಿಸುತ್ತದೆ. ಅದು ಮೊದಲು ಪ್ರಾಮುಖ್ಯ ಪಡೆದದ್ದು ಮಾತ್ರ ಯುದ್ಧದ ಕಾರಣದಿಂದ.

1889ರಲ್ಲಿ ಬ್ರಿಟನ್ನಿನ ಫ್ರೆಡರಿಕ್ ಏಬೆಲ್ ಮತ್ತು ಜೇಮ್ಸ್ ಡ್ಯೂಯರ್ ಕಾರ್ಡೈಟ್ ಎಂಬ ಹೊಗೆರಹಿತ ಮದ್ದನ್ನು ರೂಪಿಸಿದರು. ಸಿಡಿಹತ್ತಿ ಮತ್ತು ನೈಟ್ರೋಗ್ಲಿಸರಿನ್ ಬೆರೆಸಿ, ಅಸಿಟೋನ್ ಹಾಕಿ ಕಣಕದಂತೆ ನಾದಿ, ಶಾವಿಗೆಯಂತೆ ಒತ್ತಿ ಒಣಗಿಸುವುದು ಇದರ ವಿಧಾನ. ಅಸಿಟೋನ್ ಆವಿಯಾಗಿ ಹೋದ ಮೇಲೆ ಗಟ್ಟಿ ಎಳೆಗಳು ಉಳಿಯುತ್ತವೆ. ಗಮನಿಸಿ: ಇಲ್ಲಿ ಅಸಿಟೋನ್ ಮಾಡುವ ಕೆಲಸವೂ ನೈಟ್ರೋಸೆಲ್ಯುಲೋಸನ್ನು ಮೆತ್ತಗಾಗಿಸುವುದೇ. ಉಗುರಿನ ಮೇಲೆ ಅದು ಮಾಡುವ ಕೆಲಸವನ್ನೇ ಮದ್ದಿನ ಕಾರ್ಖಾನೆಯಲ್ಲೂ ಮಾಡುತ್ತಿತ್ತು. 20ನೆಯ ಶತಮಾನದ ಆರಂಭದಲ್ಲಿ ನಮ್ಮ ನೆರೆಯ ನೀಲಗಿರಿಯ ಅರುವಂಕಾಡಿನಲ್ಲಿ ಬ್ರಿಟಿಷ್ ಸರ್ಕಾರ ಸ್ಥಾಪಿಸಿದ್ದು ಇಂಥದೇ ಕಾರ್ಡೈಟ್ ಕಾರ್ಖಾನೆಯನ್ನು.

ಆ ಕಾಲದಲ್ಲಿ ಅಸಿಟೋನ್ ದೊರೆಯುತ್ತಿದ್ದುದು ಮರದಿಂದ. ಗಾಳಿಯಿಲ್ಲದ ಪಾತ್ರೆಯಲ್ಲಿ ಮರವನ್ನು ಕಾಯಿಸಿ, ಬಂದ ಅಸಿಟಿಕ್ ಆಮ್ಲಕ್ಕೆ ಸುಣ್ಣ ಸೇರಿಸಿ, ಉಂಟಾದ ಕ್ಯಾಲ್ಸಿಯಂ ಅಸಿಟೇಟನ್ನು ಮತ್ತೆ ಕಾಯಿಸಬೇಕಾಗಿತ್ತು. ಟನ್ನುಗಟ್ಟಲೆ ಮರಕ್ಕೆ ಸಿಗುತ್ತಿದ್ದ ಅಸಿಟೋನ್ ಅತ್ಯಲ್ಪ. ಮೊದಲ ಮಹಾಯುದ್ಧ ಆರಂಭವಾದಾಗ ಬ್ರಿಟನ್ನಿಗೆ ಅಸಿಟೋನ್ ಕೊರತೆ ತೀವ್ರವಾಯಿತು. ಆಗ ಮ್ಯಾಂಚೆಸ್ಟರಿನಲ್ಲಿದ್ದ ರಸಾಯನ ವಿಜ್ಞಾನಿ ಕೈಮ್ ವೈಜ್‌ಮನ್ ಬೇರೊಂದು ದಾರಿ ತೋರಿಸಿದರು. ಪಿಷ್ಟವನ್ನು ಹುದುಗಿಸಿ ಅಸಿಟೋನ್ ನೀಡುವ ಬ್ಯಾಕ್ಟೀರಿಯವೊಂದನ್ನು ಅವರು ಪ್ರತ್ಯೇಕಿಸಿದ್ದರು. ಅದೇ ಕ್ಲಾಸ್ಟ್ರಿಡಿಯಂ ಅಸಿಟೋಬ್ಯುಟಿಲಿಕಂ. ಮೆಕ್ಕೆಜೋಳದ ಗಂಜಿಯಲ್ಲಿ ಇದನ್ನು ಬೆಳೆಸಿದರೆ ಅಸಿಟೋನ್, ಬ್ಯೂಟನಾಲ್ ಮತ್ತು ಎಥನಾಲ್ ಮೂರೂ ಸಿಗುತ್ತವೆ. 1917ರಲ್ಲಿ ಧಾನ್ಯದ ಅಭಾವವಾದಾಗ ಇಂಗ್ಲೆಂಡಿನ ಶಾಲಾಮಕ್ಕಳು ಹಾರ್ಸ್ ಚೆಸ್ಟ್‌ನಟ್ ಮರದ ಬೀಜಗಳನ್ನು ಆರಿಸಿ ಚೀಲ ತುಂಬಿ ಈ ಕೆಲಸಕ್ಕೆ ಕಳುಹಿಸಿದ್ದುಂಟು. ಇತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿಲ್ಬರ್ಟ್ ಫೌಲರ್ ಮತ್ತು ಸಂಗಡಿಗರು ಸಕ್ಕರೆಯಿಂದ ತುಂಬಿದ ಹಿಪ್ಪೆ ಹೂವಿನ ಜೀವರಸಾಯನವನ್ನೂ ಅದನ್ನು ಹುದುಗಿಸುವ ಬಗೆಯನ್ನೂ ಅಭ್ಯಸಿಸಿದರು. ಆ ಅಧ್ಯಯನ 1920ರಲ್ಲಿ ಸಂಸ್ಥೆಯ ನಿಯತಕಾಲಿಕದಲ್ಲಿ ಪ್ರಕಟವಾಯಿತು.

ಯುದ್ಧಕಾಲದಲ್ಲಿ ಬೇಕಾಗಿದ್ದುದು ಅಸಿಟೋನ್ ಮಾತ್ರ. ಅದಕ್ಕಿಂತ ಸುಮಾರು ಎರಡರಷ್ಟು ಬರುತ್ತಿದ್ದ ಬ್ಯೂಟನಾಲ್ ಬೇಡದ ವಸ್ತುವಾಗಿತ್ತು. ಯುದ್ಧ ಮುಗಿದ ಮೇಲೆ ಲೆಕ್ಕ ತಲೆಕೆಳಗಾಯಿತು. ಕಾರುಗಳ ಹೊಸ ಲ್ಯಾಕರಿಗೆ ಹದವಾಗಿ ಆರುವ ದ್ರಾವಕ ಬೇಕಾಗಿತ್ತು. ಬ್ಯೂಟನಾಲನ್ನು ಅಸಿಟಿಕ್ ಆಮ್ಲದೊಂದಿಗೆ ಸೇರಿಸಿದಾಗ ಬರುವ ಬ್ಯೂಟೈಲ್ ಅಸಿಟೇಟ್ ಅದಕ್ಕೆ ತಕ್ಕುದಾಗಿತ್ತು. ಅಸಿಟೋನ್ ಬೇಗ ಆರಿ ಬಣ್ಣದ ಮೇಲೆ ಗುಳ್ಳೆ, ಬಿಳಿಚು ಉಂಟುಮಾಡಿದರೆ, ಬ್ಯೂಟೈಲ್ ಅಸಿಟೇಟ್ ನಿಧಾನವಾಗಿ ಆರಿ ನುಣುಪಾದ ಪದರ ಕೊಡುತ್ತದೆ. ಇಂದಿಗೂ ನೇಲ್ ಪಾಲಿಷ್‌ನ ಸೀಸೆಯಲ್ಲಿರುವ ಮುಖ್ಯ ದ್ರಾವಕಗಳು ಈಥೈಲ್ ಅಸಿಟೇಟ್ ಮತ್ತು ಬ್ಯೂಟೈಲ್ ಅಸಿಟೇಟ್. ಬಣ್ಣವನ್ನು ಹಚ್ಚುವ ದ್ರವ, ಬಣ್ಣವನ್ನು ತೆಗೆಯುವ ದ್ರವ ಎರಡರ ಮೂಲವೂ ಒಂದು ಕಾಲದಲ್ಲಿ ಒಂದೇ ಹುದುಗಿನ ತೊಟ್ಟಿಯಾಗಿತ್ತು. ಈಗ ಅಸಿಟೋನ್ ಬಹುಪಾಲು ಪೆಟ್ರೋಲಿಯಂ ಮೂಲದ ಕ್ಯೂಮಿನ್‌ನಿಂದ ಫೀನಾಲ್ ತಯಾರಿಸುವಾಗ ಅದರ ಜೊತೆಯಲ್ಲಿ ಬರುತ್ತದೆ.

ದಂತವೈದ್ಯರ ಪ್ಲಾಸ್ಟಿಕ್

ನೈಜ ಉಗುರಿನ ಮಟ್ಟಿಗೆ ಸಮಸ್ಯೆ ಇಲ್ಲಿಗೆ ಮುಗಿಯಿತು. ಅಸಿಟೋನ್ ಬಣ್ಣವನ್ನು ಕರಗಿಸುತ್ತದೆ, ಕೆರಾಟಿನ್ ಉಳಿಯುತ್ತದೆ. ಉಗುರಿನ ನೀರಿನಂಶ ಮತ್ತು ಎಣ್ಣೆಯಂಶ ಸ್ವಲ್ಪ ಕಡಿಮೆಯಾಗಿ ಒಣಗಿದಂತಾಗುತ್ತದೆ, ಅಷ್ಟೇ. ತೊಡಕು ಆರಂಭವಾದದ್ದು ಕೃತಕ ಉಗುರು ಬಂದಾಗ.

1930ರ ದಶಕದಲ್ಲಿ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಗಾಜಿನಂಥ ಪ್ಲಾಸ್ಟಿಕ್ ಬಳಕೆಗೆ ಬಂತು. ಪರ್ಸ್ಪೆಕ್ಸ್, ಪ್ಲೆಕ್ಸಿಗ್ಲಾಸ್ ಎಂಬ ಹೆಸರುಗಳಿಂದ ಅದನ್ನು ನೀವು ಬಲ್ಲಿರಿ. ಅದೇ ದಶಕದಲ್ಲಿ ದಂತಪಂಕ್ತಿ ತಯಾರಿಸಲು ದಂತವೈದ್ಯರು ಅದನ್ನು ಹಿಡಿದುಕೊಂಡರು. ಪುಡಿ ಮತ್ತು ದ್ರವ ಎರಡನ್ನೂ ಬೆರೆಸಿದರೆ ಕಾಯಿಸದೆಯೇ ಗಟ್ಟಿಯಾಗುವ ಬಗೆಯೂ ಸಿದ್ಧವಾಯಿತು. ಪುಡಿಯಲ್ಲಿರುವ ಬೆನ್ಜಾಯ್ಲ್ ಪೆರಾಕ್ಸೈಡ್, ದ್ರವದಲ್ಲಿರುವ ಅಮೈನ್ ಸೇರಿ ಪಾಲಿಮರೀಕರಣವನ್ನು ಆರಂಭಿಸುತ್ತವೆ. 1954ರಲ್ಲಿ ಅಮೆರಿಕದ ದಂತವೈದ್ಯ ಫ್ರೆಡ್ ಸ್ಲ್ಯಾಕ್ ಕೆಲಸದ ನಡುವೆ ಮುರಿದ ತಮ್ಮ ಉಗುರನ್ನು ಹಲ್ಲಿಗೆ ಬಳಸುವ ಅಕ್ರಿಲಿಕ್‌ನಿಂದ ಸರಿಪಡಿಸಿಕೊಂಡರು ಎಂಬುದು ಈ ಉದ್ಯಮದಲ್ಲಿ ಎಲ್ಲರೂ ಹೇಳುವ ಮಾತು. ಅಲ್ಲಿಂದ ಮುಂದೆ ಅಕ್ರಿಲಿಕ್ ಉಗುರು ಒಂದು ವ್ಯಾಪಾರವಾಯಿತು.

ದಂತ ಚಿಕಿತ್ಸೆಯ ದ್ರವವನ್ನೇ ನೇರವಾಗಿ ಉಗುರಿಗೆ ತಂದದ್ದರಿಂದ ತೊಂದರೆಯೂ ಬಂತು. ಶುದ್ಧ ಮೀಥೈಲ್ ಮೆಥಾಕ್ರಿಲೇಟ್ ಬಳಸಿದ ಕೆಲವರಿಗೆ ಚರ್ಮದ ಉರಿಯೂತ, ಉಗುರಿನ ವಿಕಾರ ಉಂಟಾದವು. 1970ರ ದಶಕದ ಆದಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ದೂರುಗಳನ್ನು ಪರಿಶೀಲಿಸಿ ನ್ಯಾಯಾಲಯದ ಮೂಲಕ ಅಂಥ ಉತ್ಪನ್ನಗಳನ್ನು ಮಾರುಕಟ್ಟೆಯಿಂದ ತೆಗೆಸಿತು. ಆಮೇಲೆ ಈಥೈಲ್ ಮೆಥಾಕ್ರಿಲೇಟ್ ಆ ಸ್ಥಾನಕ್ಕೆ ಬಂತು.

ಇದರ ಜೊತೆಗೆ ಇನ್ನೊಂದು ಬಗೆಯೂ ಬೆಳೆಯಿತು. ಅಚ್ಚಿನಲ್ಲಿ ಎರಕ ಹೊಯ್ದ ಸಿದ್ಧ ಉಗುರನ್ನು ಅಂಟಿನಿಂದ ಕೂರಿಸುವುದು. ಈ ಉಗುರುಗಳು ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್ಕಿನವು. ಅಕ್ರಿಲೋನೈಟ್ರೈಲ್, ಬ್ಯೂಟಾಡೈಯೀನ್, ಸ್ಟೈರೀನ್ ಎಂಬ ಮೂರು ಘಟಕಗಳ ಮೊದಲ ಅಕ್ಷರಗಳೇ ಆ ಹೆಸರು. ಅಂಟು ಸಯನೋಅಕ್ರಿಲೇಟ್. ಈಸ್ಟ್‌ಮನ್ ಕೊಡಕ್‌ನ ಹ್ಯಾರಿ ಕೂವರ್ 1942ರಲ್ಲಿ ಕಂಡು, ಬೇಕಿಲ್ಲವೆಂದು ಬದಿಗಿಟ್ಟು, 1951ರಲ್ಲಿ ಮತ್ತೆ ಕೈಗೆತ್ತಿಕೊಂಡ ವಸ್ತು ಇದು. 1958ರಲ್ಲಿ ಮಾರುಕಟ್ಟೆಗೆ ಬಂತು. ಹೀಗೆ ಬೆರಳ ತುದಿಯಲ್ಲಿ ಒಂದರ ಮೇಲೊಂದು ನಾಲ್ಕು ಪದರಗಳಾದವು: ಕೆರಾಟಿನ್, ಅಂಟು, ಪ್ಲಾಸ್ಟಿಕ್ ಉಗುರು, ಬಣ್ಣ. ಇವುಗಳಲ್ಲಿ ಮೇಲಿನದನ್ನು ಮಾತ್ರ ತೆಗೆಯಬೇಕು.

ಯಾವುದು ಯಾವುದನ್ನು ಕರಗಿಸುತ್ತದೆ?

‘ಸಮಾನವಾದದ್ದು ಸಮಾನವಾದುದನ್ನು ಕರಗಿಸುತ್ತದೆ’ ಎಂದು ತರಗತಿಯಲ್ಲಿ ಹೇಳುತ್ತೇವೆ. ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆ ಸೀಮೆಎಣ್ಣೆಯಲ್ಲಿ ಕರಗುತ್ತದೆ. ಆದರೆ ಎಷ್ಟು ಸಮಾನ? ಅಮೆರಿಕದ ಜೋಯಲ್ ಹಿಲ್ಡೆಬ್ರಾಂಡ್ ದ್ರವಗಳ ಅಣುಗಳು ಒಂದನ್ನೊಂದು ಎಷ್ಟು ಬಲವಾಗಿ ಹಿಡಿದುಕೊಂಡಿವೆ ಎಂಬುದನ್ನು ಒಂದು ಸಂಖ್ಯೆಯಲ್ಲಿ ಹೇಳುವ ದಾರಿ ತೋರಿಸಿದರು. ಡೆನ್ಮಾರ್ಕಿನಲ್ಲಿ ಸಂಶೋಧನೆ ನಡೆಸಿದ ಚಾರ್ಲ್ಸ್ ಹ್ಯಾನ್ಸನ್ 1967ರಲ್ಲಿ ಅದನ್ನು ಮೂರು ಭಾಗಗಳಾಗಿ ಬಿಡಿಸಿ ಇನ್ನಷ್ಟು ನಿಖರಗೊಳಿಸಿದರು. ಬಣ್ಣದ ಕಾರ್ಖಾನೆಗಳು ಇಂದಿಗೂ ಈ ಸಂಖ್ಯೆಗಳನ್ನು ಬಳಸುತ್ತವೆ.

ಆ ಮಾನದಲ್ಲಿ ನೀರಿನ ಬೆಲೆ ಸುಮಾರು 48, ಎಥನಾಲಿನದು 26, ಅಸಿಟೋನಿನದು 20, ಈಥೈಲ್ ಅಸಿಟೇಟಿನದು 18. ಅಕ್ರಿಲಿಕ್ ಪ್ಲಾಸ್ಟಿಕ್ಕಿನದು 19ರ ಆಸುಪಾಸಿನಲ್ಲಿದೆ. ನೈಟ್ರೋಸೆಲ್ಯುಲೋಸ್ ಕೂಡ ಇದೇ ನೆರೆಯಲ್ಲಿದೆ. ಈಗ ನಿಮಗೆ ತೊಡಕು ಸ್ಪಷ್ಟವಾಗಿರಬೇಕು. ತೆಗೆಯಬೇಕಾದ ವಸ್ತು, ಉಳಿಸಬೇಕಾದ ವಸ್ತು ಎರಡೂ ಒಂದೇ ಓಣಿಯಲ್ಲಿ ವಾಸಿಸುತ್ತಿವೆ. ಒಂದನ್ನು ಕರಗಿಸುವ ದ್ರಾವಕ ಇನ್ನೊಂದನ್ನೂ ಕರಗಿಸುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ‘ಅಸಿಟೋನ್ ರಹಿತ’ ಎಂದು ಬರೆದ ರಿಮೂವರ್ ಕೃತಕ ಉಗುರಿಗೆ ಏನೂ ಮಾಡದು ಎಂದು ಹಲವರು ನಂಬುತ್ತಾರೆ. ಅಂಥ ಸೀಸೆಗಳಲ್ಲಿ ಸಾಮಾನ್ಯವಾಗಿ ಇರುವುದು ಈಥೈಲ್ ಅಸಿಟೇಟ್. ಮೇಲಿನ ಸಂಖ್ಯೆಗಳನ್ನು ನೋಡಿ: ಅದೂ ಅಕ್ರಿಲಿಕ್ಕಿನ ನೆರೆಯದೇ. ವ್ಯತ್ಯಾಸ ಇರುವುದು ವೇಗದಲ್ಲಿ. ಅಸಿಟೋನಿನ ಅಣು ಚಿಕ್ಕದು. ಪ್ಲಾಸ್ಟಿಕ್ಕಿನ ಸರಪಳಿಗಳ ನಡುವೆ ಬೇಗ ನುಗ್ಗುತ್ತದೆ. ಈಥೈಲ್ ಅಸಿಟೇಟಿನ ಅಣು ಅದಕ್ಕಿಂತ ದೊಡ್ಡದು, ನುಗ್ಗುವುದು ನಿಧಾನ. ‘ಅಸಿಟೋನ್ ರಹಿತ’ ಎಂಬುದು ರಕ್ಷಾಕವಚವಲ್ಲ, ನಿಮಗೆ ಸಿಗುವ ಹೆಚ್ಚುವರಿ ಸಮಯ ಮಾತ್ರ.

ಆ ಸಮಯ ಸಾಕಾಗುತ್ತದೆಯೇ? ಸಾಕಾಗುತ್ತದೆ. ಬಣ್ಣದ ಪದರದ ದಪ್ಪ ಒಂದು ಮಿ.ಮೀ.ನ ನೂರರ ಕೆಲವು ಭಾಗ ಮಾತ್ರ. ಪ್ಲಾಸ್ಟಿಕ್ ಉಗುರು ಅದರ ಹತ್ತು ಪಟ್ಟು ದಪ್ಪವಿರಬಹುದು. 1855ರಲ್ಲಿ ಅಡಾಲ್ಫ್ ಫಿಕ್ ರೂಪಿಸಿದ ವಿಸರಣೆಯ ನಿಯಮಗಳಿಂದ ಒಂದು ಸರಳ ಸಂಬಂಧ ದೊರೆಯುತ್ತದೆ. ದೂರ ಹತ್ತು ಪಟ್ಟಾದರೆ ಹಿಡಿಯುವ ಕಾಲ ನೂರು ಪಟ್ಟಾಗುತ್ತದೆ. ಪ್ಲಾಸ್ಟಿಕ್ ಊದಿಕೊಂಡು ಕರಗುವಾಗ ಈ ಲೆಕ್ಕ ಅಷ್ಟು ಶುದ್ಧವಾಗಿ ನಡೆಯದಿದ್ದರೂ ಅಂದಾಜಿಗೆ ಸಾಕು. ಬಣ್ಣ ಕರಗಲು ಕೆಲವು ಸೆಕೆಂಡು ಬೇಕಾದರೆ, ಉಗುರು ಪೂರ್ತಿ ಮೆತ್ತಗಾಗಲು ಹಲವು ನಿಮಿಷ ಬೇಕು. ಮೇಲ್ಮೈಯ ಹೊಳಪು ಮಾತ್ರ ಬೇಗ ಕೆಡುತ್ತದೆ. ಆದ್ದರಿಂದ ಕಡಿಮೆ ದ್ರವ, ಕಡಿಮೆ ಹೊತ್ತು. ಇದೇ ಕೃತಕ ಉಗುರಿನ ಬಣ್ಣ ತೆಗೆಯುವ ಸೂತ್ರ.

ಅಕ್ರಿಲಿಕ್ ಉಗುರನ್ನೇ ಬಿಡಿಸಬೇಕಾದಾಗ ಇದರ ತದ್ವಿರುದ್ಧ ಮಾಡುತ್ತಾರೆ. ಅಸಿಟೋನ್‌ನಲ್ಲಿ ಅರ್ಧ ಗಂಟೆಯವರೆಗೂ ನೆನೆಸುತ್ತಾರೆ. ಅಂದರೆ ‘ಬಣ್ಣ ತೆಗೆಯುವುದು’ ಮತ್ತು ‘ಉಗುರು ತೆಗೆಯುವುದು’ ಎರಡು ಬೇರೆ ಕೆಲಸಗಳು. ಈ ಎರಡು ಕೆಲಸಗಳ ಹೆಸರುಗಳು ಕಲಸಿಹೋದಾಗ ಏನಾಯಿತು ಎಂಬುದೇ ಈ ಚರಿತ್ರೆಯ ಅತ್ಯಂತ ನೋವಿನ ಪುಟ.

ಎರಡು ಸೀಸೆಗಳು, ಒಂದೇ ಹೆಸರು

ಕೃತಕ ಉಗುರನ್ನು, ಅದರ ಅಂಟನ್ನು ಬೇಗ ಬಿಡಿಸಲು ಅಸಿಟೋನ್‌ಗಿಂತ ಚುರುಕಾದ ದ್ರಾವಕವನ್ನು ತಯಾರಕರು ಹುಡುಕಿದರು. ಸಿಕ್ಕಿದ್ದು ಅಸಿಟೋನೈಟ್ರೈಲ್. ಅಮೆರಿಕದ ಸೊಹಾಯೊ ಕಂಪನಿ 1960ರಲ್ಲಿ ಪ್ರೊಪಿಲೀನ್ ಮತ್ತು ಅಮೋನಿಯದಿಂದ ಅಕ್ರಿಲೋನೈಟ್ರೈಲ್ ತಯಾರಿಸುವ ಕಾರ್ಖಾನೆ ಆರಂಭಿಸಿತ್ತು. ಎಬಿಎಸ್ ಪ್ಲಾಸ್ಟಿಕ್ಕಿನ ಮೊದಲ ಘಟಕ ಅದೇ ಎಂಬುದು ನೆನಪಿದೆಯಲ್ಲವೇ? ಆ ಕ್ರಿಯೆಯಲ್ಲಿ ಉಪವಸ್ತುವಾಗಿ ಬರುವುದೇ ಅಸಿಟೋನೈಟ್ರೈಲ್. ಉಗುರಿನ ಪ್ಲಾಸ್ಟಿಕ್ಕಿನ ಘಟಕವೂ ಉಗುರು ಬಿಡಿಸುವ ದ್ರಾವಕವೂ ಒಂದೇ ಕಾರ್ಖಾನೆಯಲ್ಲಿ ಹುಟ್ಟುತ್ತವೆ.

ಅಸಿಟೋನ್, ಅಸಿಟೋನೈಟ್ರೈಲ್: ಹೆಸರಿನ ಮೊದಲರ್ಧ ಒಂದೇ. ಎರಡೂ ಬಣ್ಣವಿಲ್ಲದ, ಬೇಗ ಆವಿಯಾಗುವ ದ್ರವಗಳು. ಆದರೆ ಶರೀರದೊಳಗೆ ಅವುಗಳ ದಾರಿ ಬೇರೆ. ಅಸಿಟೋನ್ ನಮ್ಮ ದೇಹಕ್ಕೆ ತೀರ ಅಪರಿಚಿತವಲ್ಲ. ಉಪವಾಸ ಮಾಡಿದಾಗ, ಮಧುಮೇಹ ಹತೋಟಿ ತಪ್ಪಿದಾಗ ದೇಹವೇ ಅದನ್ನು ತಯಾರಿಸುತ್ತದೆ. ಹಾಗೆಂದು ಕುಡಿದರೆ ಅಪಾಯವಿಲ್ಲವೆಂದಲ್ಲ. ಹೆಚ್ಚು ಸೇರಿದರೆ ಮಂಪರು, ವಾಂತಿ, ಪ್ರಜ್ಞಾಹೀನತೆ ಬರಬಹುದು. ಅಸಿಟೋನೈಟ್ರೈಲ್ ಇದಕ್ಕಿಂತ ಬಹಳ ಘೋರ. ಯಕೃತ್ತಿನ ಕಿಣ್ವಗಳು ಅದನ್ನು ನಿಧಾನವಾಗಿ ಒಡೆಯುತ್ತವೆ. ಒಡೆದಾಗ ಹೊರಬರುವುದು ಸಯನೈಡ್. ಸಯನೈಡ್ ಜೀವಕೋಶಗಳ ಮೈಟೊಕಾಂಡ್ರಿಯದಲ್ಲಿ ಉಸಿರಾಟದ ಕೊನೆಯ ಹಂತವನ್ನು ನಡೆಸುವ ಕಿಣ್ವವನ್ನು ತಡೆಹಿಡಿಯುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ಕೋಶಗಳು ಅದನ್ನು ಬಳಸಲಾರವು.

ಈ ಕ್ರಿಯೆ ನಿಧಾನವಾದದ್ದು ಎಂಬುದೇ ಅದರ ಮೋಸ. ಕುಡಿದ ಹಲವು ಗಂಟೆಗಳವರೆಗೆ ಮಗು ಚೆನ್ನಾಗಿಯೇ ಇದ್ದಂತೆ ಕಾಣಬಹುದು.

1988ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಕ್ಯಾರವಾಟಿ ಮತ್ತು ಲಿಟೊವಿಟ್ಜ್ ಎಂಬ ವೈದ್ಯರು ಎರಡು ಪ್ರಕರಣಗಳನ್ನು ವರದಿ ಮಾಡಿದರು. ಕೃತಕ ಉಗುರು ಬಿಡಿಸುವ ದ್ರವವನ್ನು ಇಬ್ಬರು ಪುಟ್ಟ ಮಕ್ಕಳು ಕುಡಿದಿದ್ದರು. ಒಂದು ಮಗುವಿಗೆ 16 ತಿಂಗಳು. ವಿಷ ಮಾಹಿತಿ ಕೇಂದ್ರಕ್ಕೆ ವಿಷಯ ತಿಳಿದಾಗ ಅದನ್ನು ಅಸಿಟೋನ್ ಇರುವ ಸಾಮಾನ್ಯ ನೇಲ್ ಪಾಲಿಷ್ ರಿಮೂವರ್ ಎಂದು ಭಾವಿಸಲಾಯಿತು. ಮಗುವಿಗೆ ಚಿಕಿತ್ಸೆ ಸಿಗಲಿಲ್ಲ. ಮರುದಿನ ಬೆಳಗ್ಗೆ ಅದು ಹಾಸಿಗೆಯಲ್ಲಿ ಸತ್ತಿತ್ತು. ಇನ್ನೊಂದು ಮಗು ಎರಡು ವರ್ಷದ್ದು. ಅದರಲ್ಲಿ ತೀವ್ರ ಸಯನೈಡ್ ವಿಷದ ಲಕ್ಷಣಗಳು ಕಾಣಿಸಿಕೊಂಡವು. ಆಸ್ಪತ್ರೆಯ ಬಿಡುವಿಲ್ಲದ ಆರೈಕೆಯಿಂದ ಅದು ಬದುಕಿತು. ಇಬ್ಬರ ರಕ್ತದಲ್ಲೂ ಪ್ರಾಣಾಂತಕ ಮಟ್ಟದ ಸಯನೈಡ್ ಇತ್ತು.

‘ನೇಲ್ ಪಾಲಿಷ್ ರಿಮೂವರ್’ ಮತ್ತು ‘ನೇಲ್ ರಿಮೂವರ್’. ನಡುವಿನ ಒಂದು ಪದ ಬಿಟ್ಟುಹೋದರೆ ದ್ರವವೇ ಬೇರೆಯಾಗುತ್ತದೆ. ವ್ಯಾಪಾರದ ಹೆಸರು ಅದು ಮಾಡುವ ಕೆಲಸವನ್ನು ಹೇಳುತ್ತದೆ. ಅದರೊಳಗೆ ಏನಿದೆ ಎಂಬುದನ್ನು ರಾಸಾಯನಿಕ ಹೆಸರು ಮಾತ್ರ ಹೇಳಬಲ್ಲದು.

1990ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಒಂದು ನಿಯಮ ತಂದಿತು. 500 ಮಿಲಿಗ್ರಾಂಗಿಂತ ಹೆಚ್ಚು ಅಸಿಟೋನೈಟ್ರೈಲ್ ಇರುವ ಮನೆಬಳಕೆಯ ಅಂಟು ಬಿಡಿಸುವ ದ್ರವಗಳ ಸೀಸೆಗೆ ಮಕ್ಕಳು ತೆರೆಯಲಾಗದಂಥ ಮುಚ್ಚಳ ಇರಲೇಬೇಕು ಎಂದಿತು. 500 ಮಿಲಿಗ್ರಾಂ ಎಂದರೆ ಸುಮಾರು 0.6 ಮಿ.ಲೀ., ಅಂದರೆ ಹತ್ತು ಹದಿನೈದು ಹನಿ. ಯುರೋಪಿನ 2009ರ ಸೌಂದರ್ಯವರ್ಧಕ ನಿಯಮದ ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿ ಅಸಿಟೋನೈಟ್ರೈಲ್ ಇದೆ. ನಮ್ಮ ಕಾಲೇಜು ಮತ್ತು ಔಷಧ ಪ್ರಯೋಗಾಲಯಗಳಲ್ಲಿ ಎಚ್‌ಪಿಎಲ್‌ಸಿ ಉಪಕರಣಕ್ಕಾಗಿ ಅದನ್ನು ಲೀಟರುಗಟ್ಟಲೆ ಬಳಸುತ್ತಾರೆ. ಆದ್ದರಿಂದ ವಿದ್ಯಾರ್ಥಿಗಳಿಗೆ ಈ ಹೆಸರು ಪರಿಚಯವಿರುವುದು ಅಗತ್ಯ.

ಸುರಕ್ಷಿತವಾಗಿ ತೆಗೆಯುವ ಕ್ರಮ

ಚರಿತ್ರೆಯಿಂದ ಬಂದ ತಿಳಿವಳಿಕೆಯನ್ನು ಈಗ ಕೈಕೆಲಸಕ್ಕೆ ಇಳಿಸೋಣ.

ಮೊದಲು, ಕೃತಕ ಉಗುರು ಯಾವ ಬಗೆಯದು ಎಂದು ತಿಳಿಯಿರಿ. ಪೆಟ್ಟಿಗೆಯಿಂದ ತೆಗೆದು ಅಂಟಿಸಿದ ಉಗುರು ಸಾಮಾನ್ಯವಾಗಿ ಎಬಿಎಸ್. ಪುಡಿ ಮತ್ತು ದ್ರವ ಬೆರೆಸಿ ಕಟ್ಟಿದ್ದು ಅಕ್ರಿಲಿಕ್. ಇವೆರಡಕ್ಕೂ ಅಸಿಟೋನ್ ರಹಿತ ರಿಮೂವರ್ ಮೇಲು. ಅತಿನೇರಳೆ ದೀಪದಡಿ ಗಟ್ಟಿಮಾಡಿದ ಗಡುಸು ಜೆಲ್ ಉಗುರಿನಲ್ಲಿ ಅಣು ಸರಪಳಿಗಳು ಒಂದಕ್ಕೊಂದು ಅಡ್ಡಬಂಧಗಳಿಂದ ಬಿಗಿದುಕೊಂಡಿರುತ್ತವೆ. ಬಲೆಯಂತಿರುವ ಈ ರಚನೆಯನ್ನು ಅಸಿಟೋನ್ ಕೂಡ ಕರಗಿಸಲಾರದು.

ಎರಡನೆಯದಾಗಿ, ಹತ್ತಿಯನ್ನು ಸ್ವಲ್ಪವೇ ತೇವ ಮಾಡಿ. ಒಂದು ಸಲಕ್ಕೆ ಒಂದೇ ಉಗುರು. ಬಣ್ಣದ ಮೇಲೆ ಕೆಲವು ಸೆಕೆಂಡು ಒತ್ತಿ ಹಿಡಿದು, ಬುಡದಿಂದ ತುದಿಯ ಕಡೆಗೆ ಒರೆಸಿ. ಹೋಗದಿದ್ದರೆ ಹೊಸ ಹತ್ತಿ ತೆಗೆದುಕೊಳ್ಳಿ. ಉಗುರನ್ನು ದ್ರವದಲ್ಲಿ ಅದ್ದಬೇಡಿ, ಹತ್ತಿ ಸುತ್ತಿ ಬಿಡಬೇಡಿ. ಬುಡದಲ್ಲಿ ದ್ರವ ನಿಂತರೆ ಅಂಟು ಸಡಿಲವಾಗುತ್ತದೆ. ಬಣ್ಣ ಹೋದ ಕೂಡಲೇ ಸೋಪು ಹಾಕಿ ತೊಳೆದು ಒರೆಸಿಕೊಳ್ಳಿ. ಉಳಿದ ದ್ರಾವಕ ಅಲ್ಲಿಗೆ ಕೆಲಸ ನಿಲ್ಲಿಸುತ್ತದೆ.

ಮೂರನೆಯದಾಗಿ, ದೀಪದಡಿ ಗಟ್ಟಿಮಾಡಿದ ಜೆಲ್ ಪಾಲಿಷ್ ಕೃತಕ ಉಗುರಿನ ಮೇಲಿದ್ದರೆ ಮನೆಯಲ್ಲಿ ಪ್ರಯತ್ನಿಸಬೇಡಿ. ಅದನ್ನು ಮೆತ್ತಗಾಗಿಸಲು ಅಸಿಟೋನ್‌ಗೆ ಬೇಕಾಗುವ ಹತ್ತು ಹದಿನೈದು ನಿಮಿಷದಲ್ಲಿ ಅಡಿಯ ಪ್ಲಾಸ್ಟಿಕ್ಕೂ ಮೆತ್ತಗಾಗಿಬಿಡುತ್ತದೆ. ತರಬೇತಿ ಇರುವವರು ಬಣ್ಣದ ಪದರವನ್ನು ಅರದಿಂದ ಉಜ್ಜಿ ತೆಗೆಯುತ್ತಾರೆ.

ನಾಲ್ಕನೆಯದು ಬೆಂಕಿಯ ವಿಷಯ. ಅಸಿಟೋನಿನ ಆವಿ ಸೊನ್ನೆಗಿಂತ ಕೆಳಗಿನ ತಾಪದಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಈಥೈಲ್ ಅಸಿಟೇಟಿನದೂ ಹಾಗೆಯೇ. ಈ ಆವಿಗಳು ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಜ್ವಾಲೆಯನ್ನು ತಲುಪಬಲ್ಲವು. ಒಲೆ, ದೇವರ ದೀಪ, ಊದುಬತ್ತಿ, ಸೊಳ್ಳೆಬತ್ತಿ ಇರುವ ಕೋಣೆಯಲ್ಲಿ ಸೀಸೆ ತೆರೆಯಬೇಡಿ. ಕಿಟಕಿ ತೆರೆದಿರಲಿ. ಬೇಗ ಕೆಲಸ ಆಗಲೆಂದು ದ್ರವವನ್ನು ಕಾಯಿಸುವುದು ಸರ್ವಥಾ ಸಲ್ಲದು. ಕನ್ನಡಕದ ಪ್ಲಾಸ್ಟಿಕ್, ಮೊಬೈಲ್ ಫೋನ್, ಮೇಜಿನ ಹೊದಿಕೆಗಳನ್ನೂ ದೂರವಿಡಿ. ಅವೂ ಪ್ಲಾಸ್ಟಿಕ್ಕುಗಳೇ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಸೀಸೆಯ ಮೇಲಿನ ಘಟಕಗಳ ಪಟ್ಟಿಯನ್ನು ಓದಿ. ಅಸಿಟೋನೈಟ್ರೈಲ್ ಅಥವಾ ಮೀಥೈಲ್ ಸಯನೈಡ್ ಎಂದಿದ್ದರೆ ಮನೆಗೆ ತರಬೇಡಿ. ಎರಡೂ ಒಂದೇ ವಸ್ತುವಿನ ಹೆಸರುಗಳು. ಪಟ್ಟಿಯೇ ಇಲ್ಲದ ಸೀಸೆಯನ್ನೂ ಕೊಳ್ಳಬೇಡಿ. ಯಾವ ದ್ರಾವಕವನ್ನೂ ನೀರಿನ ಬಾಟಲಿಗೆ ಸುರಿದಿಡಬೇಡಿ. ಮಗು ಕುಡಿದರೆ ವಾಂತಿ ಮಾಡಿಸಲು ಹೋಗದೆ, ಮಗು ಚೆನ್ನಾಗಿಯೇ ಕಂಡರೂ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಜೊತೆಯಲ್ಲಿ ಸೀಸೆಯನ್ನೂ ಒಯ್ಯಿರಿ. ವೈದ್ಯರಿಗೆ ಬೇಕಾದುದು ‘ರಿಮೂವರ್’ ಎಂಬ ಮಾತಲ್ಲ, ಅದರೊಳಗಿನ ವಸ್ತುವಿನ ಹೆಸರು.

ಶಿಕ್ಷಕರಿಗೆ ಒಂದು ಪ್ರಯೋಗ

ದ್ರಾವಕ ಮತ್ತು ದ್ರಾವ್ಯಗಳ ಪಾಠ ಬಂದಾಗ ಇದನ್ನು ನೀವೇ ಮಾಡಿ ತೋರಿಸಬಹುದು. ಒಂದು ಗಾಜಿನ ತುಂಡು, ಒಂದು ಸ್ಟೀಲ್ ಚಮಚ, ಪೆಟ್ಟಿಗೆಯ ಒಂದು ಕೃತಕ ಉಗುರು ತೆಗೆದುಕೊಳ್ಳಿ. ಮೂರಕ್ಕೂ ಒಂದೇ ನೇಲ್ ಪಾಲಿಷ್ ಹಚ್ಚಿ ಹಿಂದಿನ ದಿನವೇ ಆರಲು ಬಿಡಿ. ಮರುದಿನ ಕಿಟಕಿಗಳನ್ನು ತೆರೆದು, ಹತ್ತಿರ ಜ್ವಾಲೆ ಇಲ್ಲವೆಂದು ಖಚಿತಪಡಿಸಿಕೊಂಡು, ಅಸಿಟೋನ್ ರಹಿತ ರಿಮೂವರ್‌ನ ನಾಲ್ಕೈದು ಹನಿಗಳಿಂದ ತೇವ ಮಾಡಿದ ಹತ್ತಿಯಲ್ಲಿ ಒರೆಸಿ. ಗಾಜು ಮತ್ತು ಸ್ಟೀಲು ಮೊದಲಿನಂತೆಯೇ ಹೊಳೆಯುತ್ತವೆ. ಉಗುರಿನ ಮೇಲ್ಮೈಯನ್ನು ಭೂತಗನ್ನಡಿಯಲ್ಲಿ ನೋಡಲು ಹೇಳಿ. ಇನ್ನೊಂದು ಉಗುರಿನ ಮೇಲೆ ಅದೇ ಹತ್ತಿಯನ್ನು ಐದು ನಿಮಿಷ ಬಿಟ್ಟು ಹೋಲಿಸಿ. ಯಾವ ದ್ರಾವಕ ಎಂಬುದರಷ್ಟೇ ಎಷ್ಟು ಹೊತ್ತು ಎಂಬುದೂ ಮುಖ್ಯ ಎಂದು ವಿದ್ಯಾರ್ಥಿಗಳಿಗೆ ತಾನಾಗಿಯೇ ತಿಳಿಯುತ್ತದೆ.

ಆಮೇಲೆ ಅವರಿಗೆ ಒಂದು ಮನೆಗೆಲಸ ಕೊಡಿ. ಮನೆಯಲ್ಲಿರುವ ದ್ರಾವಕಗಳ ಸೀಸೆಗಳನ್ನು ತೆರೆಯದೆ, ಹಿರಿಯರ ಎದುರಿನಲ್ಲಿ, ಅವುಗಳ ಮೇಲಿರುವ ವ್ಯಾಪಾರದ ಹೆಸರು ಮತ್ತು ಒಳಗಿರುವ ರಾಸಾಯನಿಕದ ಹೆಸರನ್ನು ಎರಡು ಸಾಲುಗಳಲ್ಲಿ ಬರೆದು ತರಲಿ. ಎರಡನೆಯ ಸಾಲು ಖಾಲಿ ಉಳಿದ ಸೀಸೆಗಳ ಬಗ್ಗೆ ತರಗತಿಯಲ್ಲಿ ಚರ್ಚಿಸಿ. 16 ತಿಂಗಳ ಆ ಮಗುವಿನ ಪ್ರಕರಣದಲ್ಲಿ ತಿಳಿಯದೆ ಹೋದದ್ದು ಆ ಎರಡನೆಯ ಸಾಲು.